ಎಡಗಡೆ ಸೀಟಿನ ಹೊಗೆ

ಬೆಟ್ಟದಪುರ
9-2-2025, ಭಾನುವಾರ

ಪ್ರೀತಿಯ ಮಗಳು ಅನುಶ್ರೀಗೆ ನಿನ್ನಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವ? ಅತ್ತೆಯ ಊರು ಕೋಟೆಯ ನೀರು ಹಿಡಿಸಿತೇ? ತಲೆನೋವು ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಅಲ್ಲಿಗೆ ಹೋದ ನಾಲ್ಕನೇ ದಿನದಿಂದ ನೀನು ತಲೆಗೆ ಬಟ್ಟೆ ಕಟ್ಟಿಕೊಂಡಿಲ್ಲ, ಒಂದು ಮುದ್ದೆ ಪೂರ್ತಿ ಉಣ್ಣುತ್ತಿದ್ದೀಯ ಎಂದು ನಿಮ್ಮ ಸುನಂದತ್ತೆ ಹೇಳಿದಳು. ಕೇಳಿ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ನನ್ನ ಫೋನಂತೂ ನೀನು ಎತ್ತುವುದಿಲ್ಲ. ಅದಕ್ಕೇ ನಿನ್ನೆ ಪೋಸ್ಟಾಫೀಸಿಗೆ ಹೋಗಿ ಕವರು ಕೇಳಿದೆ. ಕೌಂಟರಿನಲ್ಲಿದ್ದಾಕೆ, ಕೋರ್ಟು ಕಚೇರಿಯ ವ್ಯವಹಾರವೇ ಎಂದು ಮೆಲ್ಲಗೆ ವಿಚಾರಿಸಿದಳು. ಮಗಳಿಗೆ ಎಂದೆ. ಅವಳ ಮುಖದಲ್ಲಿ ಕೋರ್ಟಿಗಿಂತ ಹೆಚ್ಚಿನ ಮರುಕ ಕಂಡಿತು.

ನಿಮ್ಮಮ್ಮ ಚೆನ್ನಾಗಿದ್ದಾಳೆ. ನನ್ನನ್ನು ಊಟಕ್ಕೆ ಕರೆಯುವುದು ಈಗ ಲೋಟ ಕುಕ್ಕಿ. ನಾನು ದಣಿದಿದ್ದೇನೆ ಕಣವ್ವ. ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಿದೆ, ಇರುವ ಸೊಪ್ಪಿನ ಬೇಲುಗಳನ್ನೆಲ್ಲ ಇವತ್ತೇ ಪಿರಿಯಾಪಟ್ಟಣಕ್ಕೆ ಮುಟ್ಟಿಸು ಎಂದು ಎಲ್ಲರಿಗೂ ಅವಸರ. ಬೆಳಗಾದರೆ ಹೇರುವುದು, ಏರುವುದು. ಅಲ್ಲಿ ಸಾಲಿನಲ್ಲಿ ಕಾಯುವುದು, ಬಿಸಿಲಿಗೆ ಬೇಯುವುದು. ನೋಡು, ಮತ್ತೆ ಪ್ರಾಸ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿ ಪಿಕಪ್ ಓಡಿಸುವವನಿಗೆ ಆ ಓದಿನಿಂದ ಉಳಿದದ್ದು ಇದೊಂದೇ ಚಟ. ಬೀಡಿಯಾದರೂ ಸೇದಿದ್ದರೆ ಮನೆ ಇಷ್ಟು ಕೆಡುತ್ತಿರಲಿಲ್ಲ.

ಆ ದಿನದ ಮಾತಿಗೆ ಬರುತ್ತೇನೆ. ದಿನಾ ನನ್ನ ಗಾಡಿಯಲ್ಲೇ ಕಾಲೇಜಿಗೆ ಬರುತ್ತಿದ್ದ ನೀನು, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರ್ಧ ಪೇಪರು ಬರೆದು ಎದ್ದು ಬಂದು, ಗಾಡಿ ಹತ್ತಿ ಕೂತು, ತಲೆ ಸಿಡಿಯುತ್ತಿದೆ ಎಂದೆ. ನಾನು ಹರಾಜು ಮಾರುಕಟ್ಟೆಯ ಗೇಟಿನ ಮುಂದೆ, ಬೇಲಿನ ಮೇಲೆ ಕೂತಿದ್ದ ನಮ್ಮ ಹಮಾಲಿ ಬೆಟ್ಟಸ್ವಾಮಿಯೂ ನಾಲ್ಕೈದು ಜನ ರೈತರೂ ಕೇಳುವ ಹಾಗೆ, “ಪುಸ್ತಕ ಕಂಡ್ರೆ ತಲೆನೋವು, ಫೋನು ಕಂಡ್ರೆ ಬಲು ಗೆಲುವು” ಎಂದುಬಿಟ್ಟೆ. ಎಲ್ಲರೂ ನಕ್ಕರು. ಪ್ರಾಸ ಕೂಡಿತೆಂದು ನಾನೂ ನಕ್ಕೆ. ನೀನು ನಗಲಿಲ್ಲ. ಬ್ಯಾಗು ತೆಗೆದುಕೊಂಡು ಇಳಿದೆ, “ಇನ್ನು ಈ ಗಾಡಿ ಹತ್ತುದ್ರೆ ಕೇಳಪ್ಪ” ಎಂದೆ, ಹುಣಸೂರು ಬಸ್ಸು ಹತ್ತಿ ಹೋದೆ. ಸಂಜೆ ನಿಮ್ಮತ್ತೆ ಕೋಟೆಯಿಂದ ಫೋನು ಮಾಡುವವರೆಗೆ ನಾನೂ ನಿಮ್ಮಮ್ಮನೂ ಬದುಕಿದ್ದೆವು ಎನ್ನುವುದು ಸುಳ್ಳು.

ನಿನ್ನ ತಲೆನೋವು ಶುರುವಾದದ್ದು ಸೊಪ್ಪು ಬೇಯಿಸುವ ಕಾಲದ ಕೊನೆಯಲ್ಲಿ. ಆಗ ನಮ್ಮ ಕಡೆ ತಲೆ ನೋಯದವರು ಯಾರು? ಬ್ಯಾರನ್ ಗೂಡುಗಳ ಹೊಗೆ ಊರ ಮೇಲೆಲ್ಲ ಕವಿದಿರುತ್ತದೆ. ಬಟ್ಟೆ, ಹಾಸಿಗೆ, ಅನ್ನ ಎಲ್ಲಕ್ಕೂ ಅದೇ ವಾಸನೆ. ಅದರಲ್ಲಿ ಗಾಡಿಯ ಹೊಗೆಯನ್ನು ಬೇರೆ ಮಾಡಿ ಮೂಸುವ ಮೂಗು ನಮಗಿಲ್ಲ. ಕಣ್ಣಿನ ದೋಷವೆಂದು ಕನ್ನಡಕ ಹಾಕಿಸಿದೆವು. ದೃಷ್ಟಿಯೆಂದು ನಿಮ್ಮಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಇದ್ದ ಹೊಗೆಗೆ ಇನ್ನಷ್ಟು ಸೇರಿಸಿದಳು. ಕೊನೆಗೆ ಸೋಮಾರಿತನವೆಂದು ನಾನು ತೀರ್ಪು ಕೊಟ್ಟೆ.

ನೀನು ಹೋದಮೇಲೆ ನಿನ್ನ ಸೀಟು ಖಾಲಿಯಾಯಿತಲ್ಲ, ಹಿಂದೆ ಬೇಲಿನ ಮೇಲೆ ಕೂರುತ್ತಿದ್ದ ಬೆಟ್ಟಸ್ವಾಮಿ ಮುಂದಕ್ಕೆ ಬಂದ. ಬೆಳಗಿನ ಚಳಿಗೆ ಅವನೂ ನಿನ್ನ ಹಾಗೆಯೇ ಗಾಜು ಏರಿಸಿಕೊಂಡ. ನಾನು ಮೊಣಕೈ ಹೊರಗಿಟ್ಟುಕೊಂಡು ಓಡಿಸುವವನು, ನನ್ನ ಕಡೆ ಗಾಜು ಇಳಿದೇ ಇರುತ್ತದೆ. ಮೂರನೇ ದಿನ ಮಾರುಕಟ್ಟೆಯ ಹತ್ತಿರ ಇಳಿದವನು ಚಕ್ರ ಹಿಡಿದುಕೊಂಡು ವಾಂತಿ ಮಾಡಿದ. ನೀರು ಕೊಟ್ಟೆ. ಬಾಯಿ ಒರೆಸಿಕೊಂಡು, “ತಲೆ ಸಿಡೀತಾ ಅದೆ ಕಣಣ್ಣ. ನಾನೇನು ಓದಕ್ಕೋಯ್ತೀನಾ?” ಎಂದ. ಅವನು ಕುಹಕಕ್ಕೆ ಹೇಳಿದ್ದಲ್ಲ, ಪಾಪ. ಆದರೆ ಅವತ್ತು ಬೇಲು ಇಳಿಸಿದ ಮೇಲೆ ನಾನು ಬೇರೆ ಬಾಡಿಗೆ ಹಿಡಿಯಲಿಲ್ಲ.

ಗಾಡಿಯನ್ನು ನೇರವಾಗಿ ಹುಣಸೂರಿಗೆ, ನಮ್ಮ ವೆಲ್ಡಿಂಗ್ ನಸೀರನ ಶೆಡ್ಡಿಗೆ ಒಯ್ದೆ. ಇಂಜಿನ್ನಿನ ನಾಲ್ಕು ಬಾಯಿಂದ ಬರುವ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ದಾಟಿಸುವ ಎರಕದ ಕಬ್ಬಿಣದ ಭಾಗವೊಂದಿದೆ, ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದು ಸೀಳಿತ್ತು. ಸೀಳಿನ ಸುತ್ತ ಕಾಡಿಗೆ ತೀಡಿದ ಹಾಗೆ ಮಸಿ. ಪಕ್ಕದಲ್ಲೇ ಕ್ಯಾಬಿನ್ನಿನ ನೆಲದಲ್ಲಿ ವೈರು ಹೋಗುವ ತೂತಿನ ರಬ್ಬರು ಉದುರಿಹೋಗಿ, ಹೊಗೆ ನೆಟ್ಟಗೆ ನಿನ್ನ ಕಾಲ ಬುಡಕ್ಕೆ ಬರುತ್ತಿತ್ತು. ಸೀಳಿಸಿದವನೂ ನಾನೇ. ಆಯುಧಪೂಜೆಯ ದಿನ ರಾಹುಕಾಲಕ್ಕೆ ಮೊದಲು ಪೂಜೆ ಆಗಲೆಂದು, ಬಾಡಿಗೆ ಮುಗಿಸಿ ಬಂದು ನಿಲ್ಲಿಸಿದ ಕೂಡಲೇ ಬಾನೆಟ್ಟು ಎತ್ತಿ ಕೆಂಡದಂಥ ಇಂಜಿನ್ನಿನ ಮೇಲೆ ತಣ್ಣೀರು ಸುರಿದೆನಲ್ಲ! ಕುಂಬಳಕಾಯಿ ಆಮೇಲೆ ಒಡೆಯಿತು, ಕಬ್ಬಿಣ ಮೊದಲೇ ಒಡೆದಿತ್ತು.

ಇನ್ನು ಹೊಸದು ಯಾವುದು ಹಾಕಿಸುವುದು ಎಂಬುದೇ ಒಂದು ಪುರಾಣ. ನಿನಗೆ ಇದೆಲ್ಲ ಬೇಡದಿರಬಹುದು, ಆದರೂ ಓದು; ನೀನು ಕೂರುವ ಗಾಡಿ. ಕಂಪನಿಯ ಮಾಲು ಈ ಹಳೆ ಮಾಡೆಲ್ಲಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ಗುಜರಿಯಲ್ಲಿ ಸಿಗುವುದು ಬೇರೆಯವರ ಆಯುಧಪೂಜೆ ಕಂಡದ್ದು. ಉಳಿದದ್ದು ಹೆಡ್ಡರು. ಅಂದರೆ ಎರಕದ ತುಂಡಿನ ಬದಲು ನಾಲ್ಕು ಬಾಯಿಗೆ ನಾಲ್ಕು ಪೈಪು, ಮುಂದೆ ಹೋಗಿ ಒಂದಾಗುವುದು. ಫೋನಿನಲ್ಲಿ ನೋಡಿದೆ: ಬೆಳ್ಳಿಯ ಹಾಗೆ ಹೊಳೆಯುವ, ಉದ್ದುದ್ದ ಇಳಿಬಿದ್ದ ಪೈಪುಗಳು, ಹುಲಿ ಗುರುಗುಟ್ಟಿದಂಥ ಸದ್ದು. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ಆಸೆಯಾಯಿತು. ನಸೀರನಿಗೆ ತೋರಿಸಿದೆ. ಅವನು ಕನ್ನಡಕ ಹಣೆಗೇರಿಸಿ ನೋಡಿ, “ಇದು ಭಾನುವಾರದ ಗಾಡೀದು ಅಣ್ಣ. ನಿಮ್ದು ದಿನಾ ದುಡಿಯೋ ಗಾಡಿ. ಉದ್ದ ಇದ್ರೆ ರೋಡಿನ ಹಂಪಿಗೆ ಬಡಿಯುತ್ತೆ, ತೆಳ್ಳಗಿದ್ರೆ ಬಿಸಿಗೆ ಸೊಟ್ಟಗಾಗುತ್ತೆ. ಸೊಟ್ಟಗಾದ್ರೆ ಮತ್ತೆ ಹೊಗೆ ಒಳಗೇ” ಎಂದ. ಹೊಳಪು, ಸದ್ದು ಎಲ್ಲ ಬಿಟ್ಟು, ಇಂಜಿನ್ನಿಗೆ ಕೂರುವ ಪಟ್ಟಿ ಎಷ್ಟು ದಪ್ಪ ಎಂದು ಮೊದಲು ಕೇಳಬೇಕಂತೆ. ಪಟ್ಟಿ ಗಟ್ಟಿಯಿದ್ದರೆ ಹೊಗೆ ಆಚೆ ಹೋಗುತ್ತದೆ, ಅಷ್ಟೇ ವಿದ್ಯೆ. ಕೊನೆಗೆ ಅವನ ಕೈಯಲ್ಲೇ ಮಾಡಿಸಿದೆ. ಗಿಡ್ಡ ಪೈಪು, ಬೆರಳು ದಪ್ಪದ ಪಟ್ಟಿ, ನೋಡಲು ನಮ್ಮ ಊರಿನ ಬೋರ್‌ವೆಲ್ಲಿನ ಮೂತಿಯ ಹಾಗಿದೆ. ಎರಡು ದಿನ ಗಾಡಿ ಅಲ್ಲೇ ನಿಂತಿತು. ನೆಲದ ತೂತಿಗೆ ಹೊಸ ರಬ್ಬರು ಹಾಕಿಸಿದೆ. ವಾಪಸು ಬರುವಾಗ ಹುಣಸೂರಿನಿಂದ ಮನೆಯವರೆಗೆ ನಿನ್ನ ಸೀಟಿನಲ್ಲಿ ನಾನೇ ಕೂತು, ಎರಡೂ ಗಾಜು ಏರಿಸಿ, ಸ್ಟೀರಿಂಗು ಬೆಟ್ಟಸ್ವಾಮಿಗೆ ಕೊಟ್ಟೆ. ಅವನ ಡ್ರೈವಿಂಗಿಗೆ ಎದೆ ಹೊಡೆದುಕೊಂಡಿತು, ತಲೆ ನೋಯಲಿಲ್ಲ.

ಪರೀಕ್ಷೆಗೆ ಇನ್ನು ಮೂರು ವಾರ. ನಿನ್ನ ಹಾಲ್ ಟಿಕೆಟ್ಟು ಪಿರಿಯಾಪಟ್ಟಣದ ಕಾಲೇಜಿನಲ್ಲೇ ಇದೆ, ನೀನೇ ಸಹಿ ಹಾಕಿ ತಗೋಬೇಕಂತೆ. ಮುಂದಿನ ಭಾನುವಾರ ಕೋಟೆಗೆ ಬರಲೇ? ಗಾಡಿ ಬೇಡವೆಂದರೆ ಬಸ್ಸಿನಲ್ಲಿ ಬರುತ್ತೇನೆ, ಇಬ್ಬರೂ ಬಸ್ಸಿನಲ್ಲೇ ಬರೋಣ. ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಸುನಂದತ್ತೆಗೂ ಮಾವನಿಗೂ ನನ್ನ ನಮಸ್ಕಾರ ತಿಳಿಸು. ಓದಿ ದಣಿದಾಗ ಸ್ವಲ್ಪ ಗಾಳಿಗೆ ನಡೆದಾಡು. ನಿನಗೆ ಒಳ್ಳೆಯದಾಗಲಿ ತಾಯಿ.

ಇಂತಿ ನಿನ್ನ ಅಪ್ಪ,
ನಟರಾಜು

ತಾ.ಕ.: ಕವರು ಅಂಟಿಸಿದ್ದವನು ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಪೂರ್ತಿ ನಿಜವಲ್ಲ. ಸೀಳಿರುವುದು ನನಗೆ ಈಗ ಗೊತ್ತಾದದ್ದಲ್ಲ. ದೀಪಾವಳಿಯ ವಾರವೇ ನಸೀರ್ ತೋರಿಸಿ, “ಮಗಳನ್ನ ಕೂರುಸ್ಕೊಂಡು ಓಡಾಡ್ತೀರ, ಮೊದ್ಲು ಇದು ಮಾಡ್ಸಿ ಅಣ್ಣ” ಎಂದಿದ್ದ. ಸೀಸನ್ನಿನಲ್ಲಿ ಗಾಡಿ ನಿಂತರೆ ಬಾಡಿಗೆ ಬೇರೆಯವರ ಪಾಲಾಗುತ್ತದೆಂದು ಆಮೇಲೆ ನೋಡೋಣ ಎಂದೆ. ನೀನು ತಲೆ ಹಿಡಿದುಕೊಂಡಾಗ ಆ ಮಾತು ನೆನಪಾಗಿತ್ತು. ಪ್ರತಿ ಸಲವೂ ನೆನಪಾಗಿತ್ತು. ನಿಮ್ಮಮ್ಮನಿಗೂ ಹೇಳಿಲ್ಲ, ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಾನು ಭಾನುವಾರ ಬರಬಹುದೋ ಬಾರದೋ, ಇದನ್ನು ಓದಿದ ಮೇಲೆ ಹೇಳು.