ಸೋದರಳಿಯ ಒಯ್ದ ಸೋಲಾರ್ ಫಲಕಗಳು

ಅನುದಾನ ಕಚೇರಿಯ ಅಮ್ಮನವರಿಗೆ,

ನಮ್ಮೂರಿನ ಆರು ಸೋಲಾರ್ ಫಲಕ ಕಳುವಾಗಿವೆ, ವಿಚಾರಣೆ ಮುಗಿಯುವತನಕ ಬ್ಯಾಟರಿಗೆ ಅನುದಾನವಿಲ್ಲ ಎಂದು ಬರೆದಿದ್ದೀರಿ. ಕಳುವಾಗಿಲ್ಲ. ನನ್ನ ತಂಗಿಯ ಮಗ ನೆಮಾನಿ ಹಾಡಹಗಲೇ ದೋಣಿ ತಂದು ಒಯ್ದ. ನಾನು ಅಲ್ಲೇ ನಿಂತಿದ್ದೆ.

"ಎಲ್ಲಾನೂ ಹೊರ್ತೀಯೇನೋ?" ಅಂದೆ.

"ಆರು ಸಾಕು ಮಾವ. ನಿನ್ನ ಮುಖ ನೋಡಿ ಎರಡು ಬಿಟ್ಟಿದೀನಿ," ಅಂದ, ಕತ್ತೆ.

ಸೋದರಮಾವನ ಊರಿನಲ್ಲಿ ಸೋದರಳಿಯ ಕೈಯಿಟ್ಟದ್ದೆಲ್ಲ ಅವನದು. ಹಂದಿಯಾಗಲಿ, ಚಾಪೆಯಾಗಲಿ, ಬೇಡ ಎನ್ನುವ ಬಾಯಿ ನಮಗಿಲ್ಲ. ನಾನೂ ಹಾಗೆಯೇ ನನ್ನ ಮಾವಂದಿರ ದೋಣಿ ತಂದವನು. ಪೊಲೀಸರನ್ನು ಕಳಿಸಬೇಡಿ.

ತಪ್ಪು ನನ್ನದು. ಮಾಲೀಕರು ಯಾರು ಎಂದು ಅರ್ಜಿಯಲ್ಲಿ ಕೇಳಿದ ಕಡೆ ನಮ್ಮ ಕುಲದ ಹೆಸರು ಬರೆಸಿದೆ. ಕುಲಕ್ಕೆ ಇನ್ನೂ ಹನ್ನೊಂದು ಮಂದಿ ಸೋದರಳಿಯಂದಿರಿದ್ದಾರೆ. ಆ ಕಾಗದ ಹರಿದುಹಾಕಿ, ಈ ಊರಿಗೆ ಮದುವೆಯಾಗಿ ಬಂದ ಹೆಂಗಸರ ಸಂಘದ ಹೆಸರಿಗೆ ಬರೆಯಿರಿ. ಅವರು ಬೇರೆ ಊರಿನವರು, ಬೇರೆ ಕುಲದವರು. ಅವರ ವಸ್ತುವನ್ನು ನೆಮಾನಿಯಂಥವರು ಮುಟ್ಟುವಂತಿಲ್ಲ.

ಸಭೆಯಲ್ಲಿ ಗಂಡಸರು, "ಹೆಂಗಸರ ಹತ್ರ ಕರೆಂಟ್ ಬೇಡ್ಕೊಂಡು ಬದುಕ್ಬೇಕಾ?" ಎಂದು ಕೂಗಾಡಿದರು. ಕೂಗಾಡಲಿ. ಎರಡು ಫಲಕಕ್ಕೆ ದವಾಖಾನೆಯ ಫ್ರಿಜ್ ಓಡುವುದಿಲ್ಲ. ನನ್ನ ಹೆಂಡತಿಯ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮೂರು ವಾರದಿಂದ ಮೀನಿನ ಐಸಿನಲ್ಲಿದೆ. ಐಸು ತರುವ ಹಡಗು ಹೇಳಿದ ದಿನ ಬರುವುದಿಲ್ಲ.

ಹೊಸ ಅರ್ಜಿ ಬೇಗ ಕಳಿಸಿ. ಸಂಘಕ್ಕೆ ಹಿರಿಯಳು ನನ್ನ ಹೆಂಡತಿಯೇ, ಉನೈಸಿ. ಸಹಿ ಅವಳು ಹಾಕುತ್ತಾಳೆ. ಇನ್ನು ಮೇಲೆ ಮನೆಗೆ ದೀಪ ಬೇಕಾದರೆ ನಾನೂ ಅವಳನ್ನೇ ಕೇಳುತ್ತೇನೆ.

ಇಂತಿ,
ವಿಲಿಕೇಸ, ಕುಲದ ಹಿರಿಯ
ನಾಸೆಲೆವು, ಫಿಜಿ