ಲೀಗನ್ನು ಬೇಸಿಗೆಗೆ ಸಾಗಿಸುವ ಮುನ್ನ ಹದಿನಾಲ್ಕನೇ ಪುಟ ತಿದ್ದಿ

ಫುಟ್‌ಬಾಲ್ ಲೀಗಿನ ಮಾನ್ಯ ಅಧ್ಯಕ್ಷರೇ,

ಮುಂದಿನ ವರ್ಷದಿಂದ ಲೀಗನ್ನು ಚಳಿ-ಮಳೆಯ ತಿಂಗಳುಗಳಿಂದ ಎತ್ತಿ ಬೇಸಿಗೆಯಲ್ಲಿ ಇಡುವುದೆಂದು ತಾವು ನಿಶ್ಚಯಿಸಿದ್ದು ತಿಳಿಯಿತು. ನಿಶ್ಚಯಿಸಿದ ಮೇಲೆ "ಸಾರ್ವಜನಿಕರ ಅಭಿಪ್ರಾಯಕ್ಕೆ ಸ್ವಾಗತ" ಎಂದು ಸುತ್ತೋಲೆ ಹೊರಡಿಸಿದ್ದೀರಿ. ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, ಏನು ಅಡುಗೆ ಮಾಡಿಸಲಿ ಎಂದು ಕೇಳಿದ ಹಾಗಾಯಿತು. ಇರಲಿ, ಕೇಳಿದ್ದೀರಿ, ಹೇಳುತ್ತೇನೆ. ಸುತ್ತೋಲೆಯ ಜೊತೆ ಲಗತ್ತಿಸಿರುವ ವರದಿಯ ಹದಿನಾಲ್ಕನೇ ಪುಟದಲ್ಲಿ ಒಂದು ಸುಳ್ಳಿದೆ. ಆ ಸುಳ್ಳಿನ ಮೇಲೆ ತಮ್ಮ ಬೇಸಿಗೆ ಲೀಗು ನಿಂತಿದೆ. ಆ ಸುಳ್ಳಿನಲ್ಲಿ ಅರ್ಧ ನನ್ನದು. ತಮ್ಮ ಅರ್ಧವನ್ನು ತಾವು ತಿದ್ದಬೇಕು, ನನ್ನ ಅರ್ಧವನ್ನು ಈ ಕಾಗದದಲ್ಲಿ ನಾನು ತಿದ್ದುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತಿರಲಾರದು. ತಮ್ಮ ಲೀಗಿನ ಎಂಟು ಮೈದಾನಗಳಲ್ಲಿ ಒಂದನ್ನು ಮೂವತ್ತನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವವನು. ಹುಲ್ಲು ಕತ್ತರಿಸುವುದು, ರೋಲರ್ ಎಳೆಯುವುದು, ಸುಣ್ಣದ ಗೆರೆ ಹಾಕುವುದು, ಹರಿದ ಗೋಲ್ ಬಲೆ ಹೊಲಿಯುವುದು ನನ್ನ ಕೆಲಸ. ತಾವು ಎರಡು ಸಲ ನಮ್ಮಲ್ಲಿಗೆ ಬಂದಿದ್ದೀರಿ. ಎರಡು ಸಲವೂ ಹಾಸಿದ ಕಾರ್ಪೆಟ್ ಬಿಟ್ಟು ಹುಲ್ಲಿನ ಮೇಲೆ ಕಾಲಿಡಲಿಲ್ಲ. ಹುಲ್ಲಿನ ಪರವಾಗಿ ವಂದನೆಗಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಾದ್ದರಿಂದ ಇಲ್ಲಿನ ಕಾಗುಣಿತವನ್ನು ಮಗಳು ತಿದ್ದಿದ್ದಾಳೆ. ಸಿಟ್ಟನ್ನು ತಿದ್ದಬೇಡ ಎಂದು ಹೇಳಿದ್ದೇನೆ.

ಮೊದಲು ತಮ್ಮ ಪರವಾಗಿರುವುದನ್ನೇ ಹೇಳಿ ಮುಗಿಸುತ್ತೇನೆ. ಹೊಸತು ಎಂದರೆ ಮುದುಕ ಮೈ ಪರಚಿಕೊಳ್ಳುತ್ತಾನೆ ಎಂಬ ಮಾತು ಬೇಡ. ಚಳಿಗಾಲದ ಲೀಗು ಸುಖದ್ದೇನೂ ಅಲ್ಲ. ಈ ಸಲ ನಮ್ಮಲ್ಲೇ ಏಳು ಪಂದ್ಯ ಮುಂದಕ್ಕೆ ಹೋದವು. ಗೋಲಿನ ಮುಂದೆ ಎಮ್ಮೆ ಹೊರಳಾಡಿದ ಹಾಗೆ ಕೆಸರು. ಮೋಡ ಕವಿದರೆ ಐದು ಗಂಟೆಗೆಲ್ಲ ಚೆಂಡು ಕಾಣುವುದಿಲ್ಲ. ಬೇಸಿಗೆಯಾದರೆ ಹೊತ್ತು ಉದ್ದ, ಶಾಲೆಗೆ ರಜೆ, ಜನ ಹೆಚ್ಚು ಬರುತ್ತಾರೆ. ಒಪ್ಪಿದೆ. ಆದರೆ ತಮ್ಮ ನಲವತ್ತು ಪುಟದ ವರದಿಯಲ್ಲಿ ಪ್ರೇಕ್ಷಕರಿದ್ದಾರೆ, ಪ್ರಾಯೋಜಕರಿದ್ದಾರೆ, ಟಿವಿಯವರಿದ್ದಾರೆ, ಐಸ್‌ಕ್ರೀಮ್ ಗಾಡಿಯವನೂ ಇದ್ದಾನೆ. ಕನ್ನಡಕ ಒರೆಸಿಕೊಂಡು ಎರಡು ಸಲ ಹುಡುಕಿದೆ, ನೆಲ ಮಾತ್ರ ಇಲ್ಲ. ಹಾಗಾದರೆ ಆಟ ಯಾವುದರ ಮೇಲೆ ಸ್ವಾಮಿ? ಸುತ್ತೋಲೆಯ ಮೇಲೆಯೇ?

ಬೇಸಿಗೆ ನಮಗೆ ಖಾಲಿ ಕೂರುವ ಕಾಲ ಎಂದು ತಾವು ತಿಳಿದಿರಬೇಕು. ಮೈದಾನಕ್ಕೆ ಅದು ಬಾಣಂತನ. ಕೊನೆಯ ಪಂದ್ಯ ಮುಗಿದ ಮರುದಿನವೇ ನಾಲ್ಕೂ ಸುತ್ತ ಹಗ್ಗ ಕಟ್ಟುತ್ತೇನೆ. ಇಪ್ಪತ್ತೆರಡು ಜೊತೆ ಬೂಟು ಆರೇಳು ತಿಂಗಳು ತುಳಿದ ನೆಲವನ್ನು ಸಡಿಲಿಸಿ, ಬೀಜ ಹಾಕಿ, ಬಿಸಿಲು ಏರುವ ಮುಂಚೆ ನೀರು ಕೊಡುತ್ತೇನೆ. ಹತ್ತು ವಾರ ಯಾರನ್ನೂ ಒಳಗೆ ಬಿಡುವುದಿಲ್ಲ. ನನ್ನ ಹೆಂಡತಿ ಒಮ್ಮೆ ಅಡ್ಡದಾರಿ ಹಿಡಿದು ಚಹಾ ತಂದಾಗ ಅವಳನ್ನೂ ಬೈದು ಸುತ್ತು ಹಾಕಿಸಿದ್ದೇನೆ. ಆ ಹತ್ತು ವಾರವನ್ನೇ ತಾವು ಕೇಳುತ್ತಿದ್ದೀರಿ. ಹುಲ್ಲನ್ನು ಚಳಿಗಾಲದಲ್ಲಿ ಬೆಳೆಸಿಕೊಳ್ಳಿ ಎಂದು ತಮ್ಮ ತಜ್ಞರು ಬರೆದಿದ್ದಾರೆ. ಚಳಿಯಲ್ಲಿ ನಮ್ಮ ಹುಲ್ಲು ಬೆಳೆಯುವುದಿಲ್ಲ ಎಂಬುದನ್ನು ತಜ್ಞರಿಗೆ ಯಾರು ಹೇಳಬೇಕು?

ಈಗ ಹದಿನಾಲ್ಕನೇ ಪುಟಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ನಮ್ಮಲ್ಲಿನ ಒಂದು ಪದ್ಧತಿ ತಿಳಿಸಬೇಕು. ಪಂದ್ಯದ ದಿನ ಬೆಳಿಗ್ಗೆ ನಾನು ಬರಿಗಾಲಲ್ಲಿ ಮೈದಾನವಿಡೀ ನಡೆಯುತ್ತೇನೆ. ಹಿಮ್ಮಡಿ ಊರಿ ನೋಡುತ್ತೇನೆ. ನೀರು ಮೇಲೆ ಬಂದರೆ ಗೇಟಿಗೆ "ಇಂದು ಆಟವಿಲ್ಲ" ಎಂಬ ಹಲಗೆ ತೂಗುಹಾಕುತ್ತೇನೆ. ಅದು ತಮ್ಮ ನಿಯಮದ ಪುಸ್ತಕದಲ್ಲೇ ನನಗೆ ಕೊಟ್ಟ ಅಧಿಕಾರ. ಆಟ ಇದೆ ಎಂದಾದರೆ ಆಟಗಾರರು ಒಬ್ಬೊಬ್ಬರಾಗಿ ನನ್ನನ್ನು ಕೇಳುತ್ತಾರೆ, ಇವತ್ತು ಯಾವ ಬೂಟು ಎಂದು. ನೆಲ ಮೆತ್ತಗಿದ್ದರೆ ಅಟ್ಟೆಯಡಿ ಉದ್ದ ಮೊಳೆಯದ್ದು, ಗಟ್ಟಿಯಿದ್ದರೆ ಗಿಡ್ಡ ಮೊಳೆಯದ್ದು. ಎದುರಾಳಿ ತಂಡದವರೂ ಫೋನ್ ಮಾಡುತ್ತಾರೆ. ಅವರಿಗೂ ನಿಜವನ್ನೇ ಹೇಳುತ್ತೇನೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಮಾತು ನಂಬಿ ಯಾರೂ ಬಿದ್ದಿರಲಿಲ್ಲ.

ಹೋದ ಬೇಸಿಗೆಯಲ್ಲಿ ತಾವು ಪ್ರಯೋಗವೆಂದು ಆರು ಶನಿವಾರ ನಮ್ಮಲ್ಲಿ ಪಂದ್ಯ ಇಟ್ಟಿರಿ. ಮಧ್ಯಾಹ್ನ ಮೂರು ಗಂಟೆಗೆ. ಸಂಜೆ ಇಡಬಹುದಿತ್ತು, ಆದರೆ ಸಂಜೆಯ ಹೊತ್ತು ಟಿವಿಯವರಿಗೆ ಬೇರೇನೋ ಇತ್ತಂತೆ. ನಾಲ್ಕನೇ ಶನಿವಾರ ಬೆಳಿಗ್ಗೆ ನನ್ನ ಅಳಿಯ ಬಂದ. ಅವನು ನಮ್ಮ ತಂಡದ ಬಲಬದಿಯ ಆಟಗಾರ. ಕಾಲು ನಿಲ್ಲುವುದೇ ಇಲ್ಲವೆಂದು ಎಲ್ಲರೂ ಅವನನ್ನು ಸೈಕಲ್ ಎನ್ನುತ್ತಾರೆ. ಹೊಟ್ಟೆಪಾಡಿಗೆ ಮನೆಗಳಿಗೆ ಬಣ್ಣ ಬಳಿಯುತ್ತಾನೆ.

"ಮಾವ, ಇವತ್ತು ಯಾವ್ದು?" ಅಂದ.

"ನೆಲ ಹೆಂಚಾಗಿದೆ. ಗಿಡ್ಡ ಮೊಳೇದು ಹಾಕ್ಕೋ."

"ಯಾವುದಕ್ಕೂ ಉದ್ದದ್ದೂ ಚೀಲದಲ್ಲಿ ಇಟ್ಕೊಳ್ಳಲಾ?"

"ಇಷ್ಟು ವರ್ಷ ನೆಲ ನೋಡ್ತಿರೋನು ನಾನಾ, ನೀನಾ? ಸುಮ್ನೆ ಹೊರೆ ಯಾಕೆ ಹೊರ್ತೀಯ? ಮನೇಲಿ ಬಿಟ್ಟು ಬಾ."

ನಕ್ಕು, "ಆಯ್ತು ಮಹಾಸ್ವಾಮಿ" ಎಂದು ಬಿಟ್ಟು ಬಂದ.

ಹನ್ನೆರಡೂವರೆಗೆ ತಮ್ಮ ಕಚೇರಿಯ ಸಂಯೋಜಕರ ಫೋನು. "ಯಜಮಾನ್ರೇ, ಹೋದ ವಾರ ಟಿವೀಲಿ ಬರೀ ಧೂಳು ಕಾಣಿಸ್ತು. ಇವತ್ತು ಪ್ರಾಯೋಜಕರು ಬೇರೆ ಬರ್ತಿದಾರೆ. ನೆಲಕ್ಕೆ ನೀರು ಹೊಡೀರಿ."

"ಈಗ ಹೊಡೆದ್ರೆ ಮೇಲೆ ಸೋಪು, ಕೆಳಗೆ ಕಲ್ಲು ಆಗುತ್ತೆ ಸ್ವಾಮಿ. ನೀರು ಒಳಗೆ ಇಳಿಯೋಕೆ ಹನ್ನೆರಡು ಗಂಟೆ ಬೇಕು" ಎಂದೆ.

"ಇಳಿಯೋದು ಬೇಡ ಬಿಡಿ. ಬಣ್ಣ ಕಂಡ್ರೆ ಸಾಕು."

ಆಗುವುದಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಆತ ನಕ್ಕ. "ನಿಮ್ಮ ಸೇವೆ ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲೇ ಇದೆ ಯಜಮಾನ್ರೇ" ಎಂದ. ಮಳೆ ಬಿದ್ದ ನೆಲದ ಮೇಲೆ ಆಟ ನಿಲ್ಲಿಸುವ ಅಧಿಕಾರ ನನಗಿದೆ. ಒಣಗಿ ಬಿರಿದ ನೆಲದ ಮೇಲೆ ನಿಲ್ಲಿಸುವ ನಿಯಮ ತಮ್ಮ ಪುಸ್ತಕದಲ್ಲಿಲ್ಲ. ಇದ್ದಿದ್ದರೆ ಹಲಗೆ ತೂಗುಹಾಕಿ ಮನೆಗೆ ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದು ನಂಬಿಕೊಂಡಿದ್ದೇನೆ.

ನೀರು ಬಿಟ್ಟೆ. ನಮ್ಮ ಪೈಪು ಹನ್ನೆರಡು ಅಡಿ ಗಿಡ್ಡ. ಬಲಬದಿಯ ಮೂಲೆಗೆ ಮುಟ್ಟುವುದಿಲ್ಲ. ಉದ್ದದ ಪೈಪು ಕೊಡಿ ಎಂದು ಆರು ವರ್ಷದಿಂದ ಅರ್ಜಿ ಬರೆದು ಕೈ ಸೋತಿದೆ. ಹೀಗಾಗಿ ಮೈದಾನವೆಲ್ಲ ಒದ್ದೆ, ಆ ಮೂಲೆ ಮಾತ್ರ ಕಾದ ಕಲ್ಲು. ಪೈಪು ಸುತ್ತಿಟ್ಟು, ಮೈಯೆಲ್ಲ ಉರಿಯುತ್ತಿದ್ದ ಸಿಟ್ಟಿನಲ್ಲಿ ಶೆಡ್ಡಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಆಟಗಾರರ ಕೋಣೆ ಶೆಡ್ಡಿನಿಂದ ಐವತ್ತು ಹೆಜ್ಜೆ. ಐವತ್ತು ಹೆಜ್ಜೆ ನಡೆದು, "ನೆಲ ಬದಲಾಗಿದೆ, ಬೂಟು ಬದಲಾಯಿಸಿ" ಎನ್ನಬೇಕಿತ್ತು. ಅನ್ನಲಿಲ್ಲ. ಸಂಯೋಜಕರ ಮೇಲಿನ ಸಿಟ್ಟನ್ನು ಮೆಲುಕು ಹಾಕುವುದರಲ್ಲಿ ಅದು ತಲೆಗೇ ಬರಲಿಲ್ಲ. ಉಳಿದ ಆಟಗಾರರ ಚೀಲದಲ್ಲಿ ಎರಡೂ ಜೊತೆ ಇದ್ದವು. ಹುಲ್ಲಿನ ಮೇಲೆ ಎರಡು ಹೆಜ್ಜೆ ಓಡಿ ನೋಡಿ ಬದಲಾಯಿಸಿಕೊಂಡರು. ಒಂದೇ ಜೊತೆ ಇದ್ದದ್ದು ಒಬ್ಬನ ಹತ್ತಿರ.

ಹದಿನೆಂಟನೇ ನಿಮಿಷ. ಜನರ ಕೂಗು ತಟ್ಟನೆ ನಿಂತಿತು. ಮೈದಾನದಲ್ಲಿ ಜನ ಒಟ್ಟಿಗೆ ಸುಮ್ಮನಾದರೆ ಏನಾಗಿದೆ ಎಂದು ನನಗೆ ಗೊತ್ತು. ಹೊರಗೆ ಓಡಿ ಬಂದಾಗ ಅವನು ಆ ಮೂಲೆಯಲ್ಲಿ ಮಂಡಿ ಹಿಡಿದು ಬಿದ್ದಿದ್ದ. ಚೆಂಡಿನ ಹಿಂದೆ ಬಂದವನ ಕಾಲು ಒದ್ದೆಯಲ್ಲಿ ಜಾರಿ, ಒಣಗಿದ ಜಾಗಕ್ಕೆ ಬಂದು ಕಚ್ಚಿಕೊಂಡು ನಿಂತಿತ್ತು. ಮೈ ಮುಂದೆ ಹೋಗಿತ್ತು, ಮಂಡಿ ಹೋಗಲಿಲ್ಲ. ನನ್ನ ಮುಖ ನೋಡಿ ಅವನು ಅಷ್ಟು ನೋವಿನಲ್ಲೂ, "ಮಾವ, ನೀವು ಒಳಗೆ ಹೋಗಿ" ಎಂದ.

ಎರಡು ಆಪರೇಷನ್ ಆಯಿತು. ಇನ್ನು ಚೆಂಡಿನ ಮಾತಿಲ್ಲ. ನಡೆಯುತ್ತಾನೆ, ಆದರೆ ಏಣಿ ಹತ್ತಲು ಡಾಕ್ಟರು ಬಿಡುವುದಿಲ್ಲ. ಈಗ ಒಂದೊಂದು ಗೋಡೆಯಲ್ಲೂ ಕೈಗೆ ಎಟುಕುವಷ್ಟಕ್ಕೆ ಅವನು ಬಣ್ಣ ಬಳಿಯುತ್ತಾನೆ, ಅದರ ಮೇಲಿನದ್ದು ಬೇರೆಯವನು. ಹೊಸಬರು ಯಾಕೆ ಹೀಗೆ ಎಂದು ಕೇಳಿದರೆ, "ನನಗೆ ಎತ್ತರ ಅಂದ್ರೆ ಭಯ" ಎಂದು ನಗಿಸುತ್ತಾನೆ.

ತಮ್ಮ ವಿಚಾರಣೆಯವರು ಮೂರು ಜನ ಬಂದರು. ಅಳಿಯನ ಬೂಟನ್ನು ಮೇಜಿನ ಮೇಲಿಟ್ಟು ಮೊಳೆ ಅಳೆದರು. ಈ ಬೂಟು ಯಾಕೆ ಹಾಕಿದೆ ಎಂದು ಕೇಳಿದ್ದಕ್ಕೆ ಅವನು, "ನನಗೇ ಹಾಗನ್ನಿಸ್ತು" ಎಂದ. ಆಮೇಲೆ ನನ್ನ ಕಡೆ ತಿರುಗಿ, ಮೈದಾನ ಹೇಗಿತ್ತು ಎಂದರು. ಆ ವಾರವೇ ನನ್ನ ಸೇವೆ ಮುಂದುವರಿಸುವ ಕಾಗದಕ್ಕೆ ಸಹಿ ಬೀಳುವುದಿತ್ತು. "ಸರಿಯಾಗಿತ್ತು ಸ್ವಾಮಿ" ಎಂದೆ. ಎಲ್ಲರ ಮೇಲೆ ಹರಿಹಾಯುವ ನನ್ನ ಬಾಯಿಂದ ಅಷ್ಟು ಮೆತ್ತಗೆ ಮಾತು ಬಂದದ್ದು ಅದೇ ಮೊದಲು. ಕಾಗದಕ್ಕೆ ಸಹಿ ಬಿತ್ತು.

ಹೋದ ಭಾನುವಾರ ಪೇಪರಿನಲ್ಲಿ ಬಂದ ಸುತ್ತೋಲೆಯನ್ನೂ ವರದಿಯ ಆಯ್ದ ಭಾಗವನ್ನೂ ಮಗಳು ಗಟ್ಟಿಯಾಗಿ ಓದಿದಳು. ವರದಿಯ ಹದಿನಾಲ್ಕನೇ ಪುಟದಲ್ಲಿ ಹೀಗಿದೆ: "ಪ್ರಾಯೋಗಿಕ ಪಂದ್ಯಗಳಲ್ಲಿ ಮೈದಾನದ ಕಾರಣದಿಂದ ಒಂದೂ ಅವಘಡ ಸಂಭವಿಸಿಲ್ಲ. ಒಬ್ಬ ಆಟಗಾರ ಮಾತ್ರ ಸ್ವಂತ ಅಜಾಗರೂಕತೆಯಿಂದ, ತಕ್ಕದ್ದಲ್ಲದ ಬೂಟು ಧರಿಸಿ ಗಾಯಗೊಂಡಿದ್ದಾನೆ. ಆದ್ದರಿಂದ ಬೇಸಿಗೆ ಲೀಗು ಸುರಕ್ಷಿತ."

ಓದಿ ಮುಗಿಸಿ ಅವಳು ಗಂಡನ ಮೇಲೆ ಹರಿಹಾಯ್ದಳು. "ನೋಡಿ, ಈಗ ಊರೆಲ್ಲ ಓದುತ್ತೆ. ಎರಡು ಜೊತೆ ಬೂಟು ಇಟ್ಕೊಳ್ಳೋಕೆ ನಿಮಗೆ ಏನಾಗಿತ್ತು? ಸೋಮಾರಿತನ!"

"ಬಿಡೇ, ಆಗಿದ್ದಾಯ್ತು" ಎಂದು ಅವನು ಪೇಪರ್ ಮಡಚತೊಡಗಿದ. ಹತ್ತು ತಿಂಗಳಿಂದ ಈ ಬೈಗುಳ, ಈ ಉತ್ತರ ಎರಡನ್ನೂ ಕೇಳುತ್ತ ಅದೇ ಕೋಣೆಯಲ್ಲಿ ಚಹಾ ಕುಡಿದಿದ್ದೇನೆ. ಅವತ್ತು ಲೋಟ ಕೆಳಗಿಟ್ಟೆ. ಬೂಟು ಹೇಳಿದ್ದು, ಇನ್ನೊಂದು ಜೊತೆ ಬಿಟ್ಟು ಬಾ ಎಂದದ್ದು, ನೀರು ಬಿಟ್ಟದ್ದು, ಶೆಡ್ಡಿನಲ್ಲಿ ಕೂತದ್ದು, ಎಲ್ಲ ಹೇಳಿದೆ.

ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸವಿತ್ತು.

"ಹತ್ತು ತಿಂಗ್ಳು ನಾನು ಇವ್ರನ್ನ ಬೈದೆನಲ್ಲಪ್ಪಾ" ಎಂದಳು. "ನೀನು ಪಕ್ಕದಲ್ಲೇ ಕೂತಿರ್ತಿದ್ಯಲ್ಲ."

"ಹೋಗ್ಲಿ ಬಿಡು, ವಯಸ್ಸಾದವರು" ಎಂದು ಅಳಿಯ ನಡುವೆ ಬಂದ.

"ನೀವು ಸುಮ್ನಿರಿ. ನಿಮಗೂ ಇದೆ ಆಮೇಲೆ" ಎಂದಳು. ನನ್ನ ಮುಂದೆ ಕಾಗದ, ಪೆನ್ನು ತಂದಿಟ್ಟಳು. "ನಮಗೆ ಹೇಳಿ ಏನು ಬಂತು? ಪೇಪರಲ್ಲಿ ಬಂದಿರೋದನ್ನ ಪೇಪರಲ್ಲೇ ತಿದ್ದು."

ಅದಕ್ಕೇ ಮಾನ್ಯರೇ, ಈ ಕಾಗದ ತಮ್ಮ ಕಚೇರಿಯ ಪೆಟ್ಟಿಗೆಗೆ ಬೀಳದೆ ಎಲ್ಲರೂ ಓದುವ ಪೇಪರಿನಲ್ಲೇ ಬಂದಿದೆ. ನನಗೆ ದಣಿವಾಗಿದೆ. ವಾದ ಮಾಡುವ ಉತ್ಸಾಹ ಉಳಿದಿಲ್ಲ. ಬೇಸಿಗೆಗೆ ಲೀಗು ಬೇಡವೆಂಬುದು ನನ್ನ ಅಭಿಪ್ರಾಯ, ಕಾರಣ ಮೇಲೆ ಹೇಳಿದ್ದೇನೆ. ಆದರೆ ಅದನ್ನು ತಾವು ಕೇಳುತ್ತೀರೆಂಬ ಭ್ರಮೆ ನನಗಿಲ್ಲ. ಆಟಗಾರನಿಗೆ ನೀರು ಕುಡಿಯಲು ಎರಡು ಸಲ ಬಿಡುವು ಕೊಡುತ್ತೇವೆ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದೀರಿ, ಒಳ್ಳೆಯದು. ಅವನು ಕಾಲಿಡುವ ನೆಲಕ್ಕೆ ನೀರು ಯಾವಾಗ, ಎಷ್ಟು ಎಂದು ಹೇಳುವವನು ಯಾರು? ಫೋನಿನ ಆ ಕಡೆ ಕೂತವನೋ, ಬೆಳಿಗ್ಗೆ ಆ ನೆಲದ ಮೇಲೆ ನಡೆದವನೋ? ಬೇಸಿಗೆಯಲ್ಲಿ ಆಡಿಸಲೇಬೇಕೆಂದರೆ, ಹಿಮ್ಮಡಿ ಇಳಿಯದ ನೆಲದ ಮೇಲೆ ಆಟ ನಿಲ್ಲಿಸುವ ಅಧಿಕಾರವನ್ನು ಎಂಟೂ ಮೈದಾನದವರಿಗೆ ಬರೆದು ಕೊಡಿ.

ಇದು ಕೋರಿಕೆ. ಇನ್ನು ಹೇಳುವುದು ಕೋರಿಕೆಯಲ್ಲ. ಈ ತಿಂಗಳ ಕೊನೆಯಲ್ಲಿ ತಮ್ಮ ಮಂಡಳಿ ಕೈ ಎತ್ತಿ ಮತ ಹಾಕುವ ಮುನ್ನ ಹದಿನಾಲ್ಕನೇ ಪುಟದ ಆ ಮಾತುಗಳನ್ನು ಹೊಡೆದುಹಾಕಿ. ಆ ಜಾಗದಲ್ಲಿ, ಕಚೇರಿಯ ಆದೇಶದಂತೆ ಪಂದ್ಯಕ್ಕೆ ಎರಡು ಗಂಟೆ ಮುಂಚೆ ನೆಲಕ್ಕೆ ನೀರು ಬಿಡಲಾಗಿತ್ತು, ಮೈದಾನದವನು ಹೇಳಿದ ಬೂಟನ್ನೇ ಆಟಗಾರ ಹಾಕಿದ್ದ, ತಪ್ಪು ಅವನದಲ್ಲ ಎಂದು ಬರೆಯಿರಿ. ಸಂಯೋಜಕರು ಅಲ್ಲಗಳೆದರೆ ನನ್ನನ್ನು ಕರೆಸಿ, ಮುಖಾಮುಖಿ ಹೇಳುತ್ತೇನೆ. ಸೇವೆ ಮುಂದುವರಿಸಿದ ಕಾಗದ ಹಿಂದಕ್ಕೆ ಬೇಕೆಂದರೆ ಅದು ಶೆಡ್ಡಿನಲ್ಲಿ, ಬೀಜದ ಡಬ್ಬದ ಕೆಳಗಿದೆ, ಯಾರನ್ನಾದರೂ ಕಳಿಸಿ.

ತಿದ್ದಿದ ಪುಟವನ್ನು ನನಗೆ ಕಳಿಸಬೇಡಿ. ಅಳಿಯನ ಮನೆಗೆ ಕಳಿಸಿ. ಅವನು ಅದನ್ನು ಓದುವುದಿಲ್ಲ, ನನ್ನ ಮುಖ ನೋಡಿ ಮಡಚಿ ಇಟ್ಟುಬಿಡುತ್ತಾನೆ. ಮಗಳು ಕಿತ್ತುಕೊಂಡು ಗಟ್ಟಿಯಾಗಿ ಓದುತ್ತಾಳೆ. ಅಷ್ಟಾದ ಮೇಲೆ ಆ ಮನೆಯಲ್ಲಿ ನನಗೆ ಚಹಾ ಕೊಡುವುದೋ ಬಿಡುವುದೋ, ಅದು ಅವಳಿಗೆ ಬಿಟ್ಟದ್ದು.

ಇಂತಿ,
"ಸರಿಯಾಗಿತ್ತು ಸ್ವಾಮಿ" ಎಂದವನು,
ತಮ್ಮ ಎಂಟು ಮೈದಾನಗಳಲ್ಲಿ ಒಂದರ ಮುದುಕ