ದಣಪೆಯ ಬಳಿ ಆಡಿದ ಮಾತು

ಮಾನ್ಯ ಸಮಾಜಕಾರ್ಯ ಪರವಾನಗಿ ಅಧಿಕಾರಿಗಳೇ,

ಪ್ರತಿ ಗುರುವಾರ ನಮ್ಮ ಮನೆಗೆ ಬರುತ್ತಿದ್ದ ಕುಸುಮಾ ಎಂಬ ಸಮಾಜ ಕಾರ್ಯಕರ್ತೆ ಇನ್ನು ಮುಂದೆ ಬರುವಂತಿಲ್ಲ ಎಂದು ನಿಮ್ಮ ಕಚೇರಿ ಆದೇಶ ಮಾಡಿದೆ. ಅವಳ ಪರವಾನಗಿಯನ್ನು ನವೀಕರಿಸಲು ನಿಮ್ಮ ವೀಕ್ಷಕರು ಒಪ್ಪಲಿಲ್ಲವಂತೆ. ಕಾರಣವನ್ನೂ ಬರೆದಿದ್ದಾರೆ: "ಭೇಟಿಯ ಅವಧಿಯಲ್ಲಿ ಆಪ್ತಸಮಾಲೋಚನೆ ನಡೆದದ್ದು ಕಂಡುಬಂದಿಲ್ಲ. ಹವಾಮಾನ, ಬೆಕ್ಕು ಹಾಗೂ ಗ್ಯಾಸ್ ಸಿಲಿಂಡರ್ ಕುರಿತು ಮಾತುಕತೆ ನಡೆಯಿತು." ಆ ಮಾತುಕತೆ ನಡೆದದ್ದು ನಮ್ಮ ಮನೆಯಲ್ಲಿ. ಬೆಕ್ಕು ನಮ್ಮದು, ಸಿಲಿಂಡರ್ ಕೂಡ ನಮ್ಮದೇ. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕಲು ನನಗೆ ಒಂದಿಷ್ಟು ಹಕ್ಕಿದೆ ಎಂದು ತಿಳಿದು ಬರೆಯುತ್ತಿದ್ದೇನೆ.

ನಾನು ಬಾಳೆಹೊನ್ನೂರಿನಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಅಕ್ಕಿ, ರಾಗಿ, ಮೆಣಸಿನಪುಡಿ ಎಲ್ಲ ಬೀಸಿಕೊಡುತ್ತೇನೆ. ಮೋಟರಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ ಹೆಂಗಸರು ತಮ್ಮ ಮನೆಯ ಕಷ್ಟವನ್ನೆಲ್ಲ ಅಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಪರವಾನಗಿ ಇಲ್ಲದ ಕಡೆ ಹೀಗೆ ಕಷ್ಟ ಹೇಳಿಕೊಳ್ಳುವುದು ನಿಮ್ಮ ಹೊಸ ನಿಯಮದಲ್ಲಿ ಅಪರಾಧವೋ ಏನೋ ತಿಳಿಯದು. ಹಾಗಿದ್ದರೆ ದಯವಿಟ್ಟು ಮೋಟರಿನ ಮೇಲೆ ಕೇಸು ಹಾಕಿ, ನನ್ನನ್ನು ಬಿಟ್ಟುಬಿಡಿ.

ಈಗ ಅಸಲು ವಿಷಯ. ಮೇಘನ ನಮ್ಮ ಸೊಸೆ, ಮಗ ವೀರೇಶನ ಹೆಂಡತಿ. ಕಳೆದ ವರ್ಷ ಅವಳಿಗೆ ಹೆಣ್ಣುಮಗು ಆಯಿತು. ಬಾಣಂತನ ಮುಗಿಸಿ ತವರಿನಿಂದ ಬಂದಾಗ ಮಗು ಗಟ್ಟಿಮುಟ್ಟಾಗಿತ್ತು. ಅದು ಅಳಲು ಶುರುಮಾಡಿದರೆ ನನ್ನ ಗಿರಣಿಯೇ ನಾಚಬೇಕು. ತಾಯಿ ಮಾತ್ರ ಮಾತು ಬಿಟ್ಟಿದ್ದಳು. ಮಗುವಿಗೆ ಹಾಲು ಕೊಡುವಳು, ತೊಟ್ಟಿಲಲ್ಲಿ ಮಲಗಿಸುವಳು, ಗೋಡೆಯ ಕಡೆ ತಿರುಗಿ ಕೂರುವಳು. ಎತ್ತಿಕೋ ಎಂದರೆ ಬೀಳಿಸಿಬಿಡುತ್ತೇನೆ ಎನ್ನುವಳು. ನನ್ನ ಹೆಂಡತಿ ಬಸವಮ್ಮ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಮನೆಮಂದಿಯೆಲ್ಲ ಕೆಮ್ಮಿದೆವು. ಪಕ್ಕದ ಮನೆಯ ಸೀತಕ್ಕ ಬಾಣಂತಿ ಶೀತ ಎಂದು ಬೆಳ್ಳುಳ್ಳಿ ತಿನ್ನಿಸಿದಳು. ವೀರೇಶ ಹೊಸ ಮೊಬೈಲು ತಂದುಕೊಟ್ಟ. ನಾನು "ಎಲ್ಲ ಸರಿ ಹೋಗುತ್ತೆ ಬಿಡು" ಎಂದು ಹೇಳಿ ಊಟಕ್ಕೆ ಕೂತೆ. ನಮ್ಮಲ್ಲಿ ಯಾರಿಗೂ ಪರವಾನಗಿ ಇರಲಿಲ್ಲ ಎಂಬುದನ್ನು ಇಲ್ಲಿ ನಿಮ್ಮ ಗಮನಕ್ಕೆ ತರುತ್ತೇನೆ.

ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ, ಇದು ದೃಷ್ಟಿಯೂ ಅಲ್ಲ ಶೀತವೂ ಅಲ್ಲ, ಹೆರಿಗೆಯ ನಂತರ ಎಷ್ಟೋ ಹೆಂಗಸರಿಗೆ ಬರುವ ಮನಸ್ಸಿನ ಕಾಯಿಲೆ ಎಂದರು. ಮಾತ್ರೆ ಬರೆದುಕೊಟ್ಟು, ಮಾತ್ರೆಯ ಜೊತೆಗೆ ತಿಳಿದವರು ಯಾರಾದರೂ ವಾರಕ್ಕೊಮ್ಮೆ ಬಂದು ಮಾತನಾಡಿಸಬೇಕು ಎಂದು ಹೇಳಿ ಕೊಪ್ಪದ ಒಂದು ಸಂಸ್ಥೆಗೆ ಫೋನು ಮಾಡಿದರು. ಹಾಗೆ ಬಂದವಳು ಕುಸುಮಾ.

ಕುಸುಮಾ ಶೃಂಗೇರಿ ಕಡೆಯ ಬೇಗಾರಿನವಳು. ತಾಯಿ ಹೊನ್ನಕ್ಕ ಈಗಲೂ ತೋಟದ ಕೂಲಿಗೆ ಹೋಗುತ್ತಾಳೆ. ಮೊದಲ ಗುರುವಾರ ಕುಸುಮಾ ನಮ್ಮ ಮನೆಗೆ ಬಂದಾಗ ಬಸವಮ್ಮ ಯಾರ ಪೈಕಿ ಎಂದು ವಿಚಾರಿಸಿ, ಉತ್ತರ ಕೇಳಿ, ಜಗಲಿಯಲ್ಲೇ ಚಾಪೆ ಹಾಸಿದಳು. ಕುಸುಮಾ ನಕ್ಕು ಕೂತಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಬಸವಮ್ಮನಿಗೆ ಕೆಸುವಿನ ಸೊಪ್ಪು ಹೆಚ್ಚಿಕೊಡುತ್ತಿದ್ದಳು. ನಮ್ಮ ಮನೆಯ ಜಗಲಿ ದಾಟಿ ಒಳಗೆ ಬರುವುದಕ್ಕೂ ಒಂದು ಪರವಾನಗಿ ಬೇಕಿತ್ತು ಸ್ವಾಮಿ, ಅದನ್ನು ಕೊಡುವ ಅಧಿಕಾರಿ ನಿಮಗಿಂತ ಕಟ್ಟುನಿಟ್ಟು. ಆ ಬಸವಮ್ಮನೇ ಸೋತ ಮೇಲೆ ನೀವು ಗೆದ್ದಿರಿ ಎಂಬುದು ನನಗೆ ಆಶ್ಚರ್ಯ.

ನಿಮ್ಮ ನಿಯಮಗಳ ವಿಷಯ ಕುಸುಮಾಳೇ ಒಮ್ಮೆ ಹೇಳಿದ್ದಳು. ಮೊದಲು ಒಂದು ಸರ್ಟಿಫಿಕೇಟ್ ಕೋರ್ಸು ಸಾಕೆಂದಿರಿ, ಅವಳು ಮಾಡಿದಳು. ಕೆಲಸಕ್ಕೆ ಸೇರಿದ ಮೇಲೆ ಸ್ನಾತಕೋತ್ತರ ಪದವಿ ಬೇಕೆಂದಿರಿ. ಕೆಲಸ ಮಾಡುತ್ತಲೇ ಬಸ್ಸಿನಲ್ಲಿ ಓದಿ ಅದನ್ನೂ ಮುಗಿಸಿದಳು. ಆಮೇಲೆ ಪರವಾನಗಿ ಹೊಂದಿದ ಮೇಲ್ವಿಚಾರಕರ ಕೈಕೆಳಗೆ ಕೆಲಸ ಮಾಡಿರಬೇಕು ಎಂದಿರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಹುಡುಕಿದರೂ ಅಂಥ ಒಬ್ಬರಿಲ್ಲ. ನಮ್ಮ ಕಡೆ ಆನೆ ಬಂದು ಹೋಗುತ್ತದೆ, ಚಿರತೆ ನಾಯಿ ಹಿಡಿಯುತ್ತದೆ, ಹುಲಿ ಕಂಡೆ ಎನ್ನುವವರೂ ಇದ್ದಾರೆ. ಮೇಲ್ವಿಚಾರಕರನ್ನು ಕಂಡೆ ಎಂದವರು ಈವರೆಗೆ ಯಾರೂ ಇಲ್ಲ. ಅದಕ್ಕೆ ನೀವು ದೊಡ್ಡ ಮನಸ್ಸು ಮಾಡಿ, ಮೇಲ್ವಿಚಾರಕರ ಬದಲು ವೀಕ್ಷಕರೊಬ್ಬರು ಬಂದು ಒಂದು ಭೇಟಿಯನ್ನು ಕಣ್ಣಾರೆ ನೋಡಿದರೆ ಸಾಕು ಎಂದಿರಿ. ಆದರೆ ಭೇಟಿ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು, ಇಬ್ಬರೂ ಎದುರುಬದುರು ಕುರ್ಚಿಯಲ್ಲಿ ಕೂರಬೇಕು, ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಈ ಮೂರು ಷರತ್ತು ಬರೆದವರು ಮಲೆನಾಡಿನಲ್ಲಿ ಯಾರ ಮನೆಗೂ ಹೋಗಿ ಕಾಫಿ ಕುಡಿದವರಲ್ಲ ಎಂದು ನಾನು ಬಾಂಡ್ ಪೇಪರಿನ ಮೇಲೆ ಬರೆದುಕೊಡಬಲ್ಲೆ.

ಏಕೆಂದರೆ ನಮ್ಮ ಕಡೆ ಯಾರೂ ಬಂದ ವಿಷಯವನ್ನು ಬಂದ ತಕ್ಷಣ ಹೇಳುವುದಿಲ್ಲ. ಕೂತಾಗಲೂ ಹೇಳುವುದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಸ್ನೇಹಿತ ವೀರಪ್ಪ ಬಂದಿದ್ದ. ಕಿಗ್ಗದಲ್ಲಿ ಎಷ್ಟು ಮಳೆ, ಕೊಪ್ಪದಲ್ಲಿ ಎಷ್ಟು ಎಂದು ಲೆಕ್ಕ ಹಾಕಿದೆವು. ಕೊಳೆರೋಗಕ್ಕೆ ಬೈದೆವು, ಸರ್ಕಾರಕ್ಕೆ ಬೈದೆವು, ಎರಡು ಸಲ ಕಾಫಿ ಕುಡಿದೆವು. "ಬರ್ತೀನಿ ಹಂಗಾರೆ" ಎಂದು ಎದ್ದ. ನಮ್ಮ ಅಂಗಳದ ಕೊನೆಗೆ, ಬೇಲಿಯ ನಡುವೆ, ಅಡ್ಡಲಾಗಿಟ್ಟ ಬಿದಿರಿನ ಗಳು ಸರಿಸಿ ದಾಟುವ ಹಳೆಯ ದಣಪೆ ಇದೆ. ಅಲ್ಲಿಯವರೆಗೆ ಜೊತೆಗೆ ನಡೆದೆ. ಒಂದು ಗಳು ಸರಿಸಿದವನು ಅದರ ಮೇಲೆ ಕೈಯಿಟ್ಟು ರಸ್ತೆ ನೋಡುತ್ತ ಹೇಳಿದ:

"ನಮ್ಮ ರೇಖಾನ ಮದ್ವೆ ಮುರಿದುಬಿತ್ತು ಮಾರಾಯ."

ಮಗಳ ಈ ಸುದ್ದಿ ಹೇಳುವುದಕ್ಕೇ ಅವನು ಅಷ್ಟು ದೂರದಿಂದ ಬಂದಿದ್ದ. ಒಳಗೆ ಎದುರೆದುರು ಕೂತು ಹೇಳಿದರೆ ಕೇಳುವವನ ಮುಖ ನೋಡಬೇಕಾಗುತ್ತದೆ. ದಣಪೆಯ ಬಳಿ ಆ ಕಷ್ಟವಿಲ್ಲ. ಹೇಳಿದ್ದು ಭಾರವಾದರೆ ಬಸ್ಸು ಬಂತು ಎಂದು ಹೊರಟುಬಿಡಬಹುದು. ನಮ್ಮ ಮೂರೂ ತಾಲ್ಲೂಕಿನ ಸಾಲ, ಸಂಬಂಧ, ಕಾಯಿಲೆ, ಜಗಳ ಎಲ್ಲವೂ ಎದ್ದು ಹೊರಟ ಮೇಲೆಯೇ ಬಾಯಿಗೆ ಬರುವುದು. ಕುಸುಮಾ ಇದೇ ನೀರು ಕುಡಿದು ಬೆಳೆದವಳು. ಒಳಗೆ ಅವಳು ಮೇಘನಳನ್ನು ಏನೂ ಕೇಳುತ್ತಿರಲಿಲ್ಲ. ಹೊರಡುವಾಗ ಮಾತ್ರ "ದಣಪೆ ತನಕ ಬಾರೆ" ಎಂದು ಕರೆಯುತ್ತಿದ್ದಳು.

ಮೊದಮೊದಲು ಮೇಘನ ಅಲ್ಲಿಯೂ ಮಾತಾಡಲಿಲ್ಲ. ಆಮೇಲೊಂದು ಗುರುವಾರ, ನಿದ್ದೆ ಬರುವುದಿಲ್ಲ ಎಂದಳಂತೆ. ಇನ್ನೊಂದು ಗುರುವಾರ ಹೇಳಿದ ಮಾತನ್ನು ಅವಳ ಬಾಯಲ್ಲೇ ಬರೆಯುತ್ತೇನೆ: "ಮಗು ಅತ್ರೆ ಎಲ್ಲಾದ್ರೂ ಹೊರಟುಹೋಗಣ ಅನ್ಸುತ್ತೆ ಕುಸುಮಕ್ಕ. ಒಂದೊಂದ್ ಸಲ ಹೊಳೆ ಕಡೆಗೇ ಹೋಗಿಬಿಡಣ ಅನ್ಸುತ್ತೆ." ನಮ್ಮ ಮನೆಯಿಂದ ಭದ್ರಾ ಹೊಳೆ ದೂರವೇನಿಲ್ಲ. ಅವತ್ತು ಕುಸುಮಾ ತಾನು ಹತ್ತಬೇಕಿದ್ದ ಬಸ್ಸನ್ನು ಬಿಟ್ಟಳು, ಅದರ ಹಿಂದಿನ ಬಸ್ಸನ್ನೂ ಬಿಟ್ಟಳು. ದಣಪೆಯ ಪಕ್ಕದ ಕಲ್ಲಿನ ಮೇಲೆ ಇಬ್ಬರೂ ಕತ್ತಲಾಗುವವರೆಗೆ ಕೂತಿದ್ದರು. ಆಮೇಲೆ ಒಳಗೆ ಬಂದು, ಸೊಸೆಯ ಒಪ್ಪಿಗೆ ಪಡೆದೇ, ನಮಗೆಲ್ಲ ಹೇಳಿದಳು. ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದಳು. ಮಾರನೆಯ ದಿನ ಡಾಕ್ಟರಮ್ಮನ ಬಳಿಗೆ ತಾನೇ ಕರೆದುಕೊಂಡು ಹೋಗಿ ಮಾತ್ರೆ ಬದಲಿಸಿಕೊಂಡು ಬಂದಳು. ಅಲ್ಲಿಯವರೆಗೆ ನಾವು ಅದೇ ಮನೆಯಲ್ಲಿ, ಅದೇ ಸೊಸೆಯ ಕೈಯಲ್ಲಿ ಬಡಿಸಿಕೊಂಡು ಉಂಡು, ಏನೂ ಗೊತ್ತಿಲ್ಲದೆ ಮಲಗುತ್ತಿದ್ದೆವು. ನೆನೆಸಿಕೊಂಡರೆ ನನಗೆ ಈಗಲೂ ಹೆದರಿಕೆಯಾಗುತ್ತದೆ. ಇದನ್ನು ನಿಮ್ಮ ಕಚೇರಿಗೆ ಬರೆಯಬಹುದೇ ಎಂದು ಮೇಘನಳನ್ನು ಕೇಳಿದೆ. "ಬರೀರಿ ಮಾವ. ನನ್ನಂಗೆ ಇನ್ನೆಷ್ಟ್ ಜನ ಇದಾರೋ" ಎಂದಳು.

ಇನ್ನು ನಿಮ್ಮ ವೀಕ್ಷಕರು ಬಂದ ದಿನ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಾಧು ಮನುಷ್ಯ. ಸಿಟ್ಟು ಬಂದದ್ದು ಮನೆಯ ಏರ್ಪಾಟಿನ ಮೇಲೆ. ನಿಯಮದಂತೆ ಮುಚ್ಚಿದ ಕೋಣೆ ಬೇಕು. ನಮ್ಮ ನಡುಕೋಣೆಯ ಬಾಗಿಲು ಮಳೆಗೆ ಉಬ್ಬಿ, ಮುಚ್ಚಲಾಗದೆ ಎಷ್ಟೋ ಕಾಲವಾಗಿತ್ತು, ಬಡಗಿಯನ್ನು ಕರೆಸಿ ಹೆರೆಸಿದೆ. ಎದುರುಬದುರು ಕುರ್ಚಿ ಹಾಕಿದೆವು. ಬಸವಮ್ಮ ನಡುವೆ ಮೇಜಿಟ್ಟು ಕಸೂತಿಯ ಬಟ್ಟೆ ಹಾಸಿ, ಮೇಘನಳಿಗೆ ರೇಷ್ಮೆ ಸೀರೆ ಉಡಿಸಿ, ಉಪ್ಪಿಟ್ಟು ಕೇಸರಿಬಾತು ಮಾಡಿಟ್ಟಳು. ಪಡಸಾಲೆಯಲ್ಲಿ ಪ್ಯಾಂಟು ಹಾಕಿದ ಅಪರಿಚಿತರೊಬ್ಬರು ತಟ್ಟೆ ಹಿಡಿದು ಕೂತಿದ್ದನ್ನು ನೋಡಿದ ಸೀತಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

"ಮೇಘನಂಗೆ ಮದ್ವೆ ಆಗಿ ಮಗೂನೂ ಆಗಿದೆಯಲ್ಲ ಸೋಮಣ್ಣ, ಮತ್ತೆಂತಕ್ಕೆ ಹೆಣ್ಣು ತೋರಿಸ್ತಿದೀರಿ?"

ಇಂಥ ಕೋಣೆಯಲ್ಲಿ ಮೂಲೆಯ ಕುರ್ಚಿಯಿಂದ ಗಂಡಸೊಬ್ಬರು ಗಡಿಯಾರ ನೋಡುತ್ತಿರುವಾಗ ಹೆಣ್ಣುಮಗಳು ಮನಸ್ಸಿನಲ್ಲಿರುವುದನ್ನು ಹೇಳಬೇಕಂತೆ. ನೀವಾಗಿದ್ದರೆ ಹೇಳುತ್ತಿದ್ದಿರಾ? ನಿಮ್ಮ ಮೇಲಧಿಕಾರಿಗಳು ಎದುರಿಗೆ ಕೂತು, ನಿನಗೆ ರಾತ್ರಿ ಯಾಕೆ ನಿದ್ದೆ ಬರುವುದಿಲ್ಲ, ಹೇಳು, ಮುಕ್ಕಾಲು ಗಂಟೆ ಇದೆ ಎಂದರೆ ನೀವೂ ಬೆಕ್ಕಿನ ವಿಷಯವನ್ನೇ ತೆಗೆಯುತ್ತಿದ್ದಿರಿ. ಮೇಘನ ಅದನ್ನೇ ಮಾಡಿದಳು. ಬೆಕ್ಕು ಅಟ್ಟದ ಮೇಲೆ ಮರಿ ಹಾಕಿದ್ದನ್ನು ಹೇಳಿದಳು. ಸಿಲಿಂಡರ್ ಬುಕ್ ಮಾಡಿದರೂ ಬಂದಿಲ್ಲ ಎಂದಳು. ಅವಧಿ ಮುಗಿಯಿತು. ವೀಕ್ಷಕರು ಕೈಮುಗಿದು, ಕೇಸರಿಬಾತು ಚೆನ್ನಾಗಿತ್ತು ಎಂದು ಹೇಳಿ ಹೋಗಿ ಜೀಪಿನಲ್ಲಿ ಕೂತರು.

ಆಗ ಕುಸುಮಾ ಎದ್ದಳು. ಮೇಘನ ಎಂದಿನಂತೆ ದಣಪೆಯವರೆಗೆ ಹೋದಳು. ಗಳುವಿನ ಮೇಲೆ ಕೈಯಿಟ್ಟು, "ನಿನ್ನೆ ಮಗು ನನ್ನ ನೋಡಿ ನಕ್ತು ಕುಸುಮಕ್ಕ. ನಂಗೂ ನಗು ಬಂತು. ಹೊಳೆ ಕಡೆ ಯೋಚ್ನೆ ಈಗ ಬರ್ತಿಲ್ಲ" ಎಂದಳಂತೆ. ನಿಮ್ಮ ಜೀಪು ಅಲ್ಲೇ, ದಣಪೆಯ ಆಚೆ ಬದಿಯಲ್ಲೇ ನಿಂತಿತ್ತು. ಗಾಜು ಏರಿಸಿತ್ತು. ವೀಕ್ಷಕರು ಒಳಗೆ ಮೊಬೈಲನ್ನು ಅತ್ತ ಇತ್ತ ತಿರುಗಿಸುತ್ತ ನೆಟ್‌ವರ್ಕ್ ಹುಡುಕುತ್ತಿದ್ದರು. ಅವರು ನೋಡಲು ಬಂದದ್ದು ಗಾಜಿನ ಆ ಕಡೆ ನಡೆದುಹೋಯಿತು.

ಪರವಾನಗಿಯೇ ಬೇಡ ಎನ್ನುವವನು ನಾನಲ್ಲ, ಇದನ್ನು ಗಮನಿಸಿ. ನಮ್ಮ ಪೇಟೆಯಲ್ಲಿ ಒಬ್ಬ ಮಹಾಶಯ 'ಮನಶ್ಶಾಂತಿ ತಜ್ಞ' ಎಂದು ಬೋರ್ಡು ಹಾಕಿ, ಬಂದವರಿಗೆಲ್ಲ ಹರಳಿನ ಉಂಗುರ ಮಾರಿ ಮನೆ ಕಟ್ಟಿಸಿದ. ಅಂಥವರನ್ನು ಹಿಡಿಯಲು ನಿಯಮ ಬೇಕೇ ಬೇಕು. ಆದರೆ ನಿಮ್ಮ ನಿಯಮ ಅವನನ್ನು ಹಿಡಿಯಲಿಲ್ಲ, ಏಕೆಂದರೆ ಅವನು ಅರ್ಜಿಯನ್ನೇ ಹಾಕಲಿಲ್ಲ. ಅವನ ಹತ್ತಿರ ಮುಚ್ಚಿದ ಕೋಣೆ ಇದೆ, ಎದುರುಬದುರು ಕುರ್ಚಿಯೂ ಇದೆ, ಸಾಲದ್ದಕ್ಕೆ ಎಸಿ ಕೂಡ ಇದೆ. ನಿಮ್ಮ ಕೈಗೆ ಸಿಕ್ಕಿದ್ದು ಕಾನೂನು ಪಾಲಿಸಿ ಅರ್ಜಿ ಹಾಕಿದ ಕುಸುಮಾ ಒಬ್ಬಳೇ.

ಆದೇಶ ಬಂದ ದಿನ, ನಾನು ಪೇಟೆಯಲ್ಲಿದ್ದಾಗ, ಅವಳೇ ಫೋನು ಮಾಡಿದ್ದಳು. "ಬರಂಗಿಲ್ಲ ಯಜಮಾನ್ರೆ. ಬಂದ್ರೆ ಸಂಸ್ಥೆನೇ ಮುಚ್ಚಿಸ್ತಾರಂತೆ. ಮೇಘನಂಗೆ ಮಾತ್ರೆ ಮಾತ್ರ ತಪ್ಸಬೇಡಿ" ಎಂದಳು. ಬದಲಿ ವ್ಯವಸ್ಥೆಯಾಗಿ ನೀವು ಕೊಟ್ಟಿರುವುದು ಒಂದು ಸಹಾಯವಾಣಿ. ನಮ್ಮಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ. ಮನಸ್ಸು ಸರಿಯಿಲ್ಲದ ಬಾಣಂತಿಯನ್ನು ಟ್ಯಾಂಕಿನ ಮೇಲೆ ಹತ್ತಿಸಿ ನಿಲ್ಲಿಸುವುದು ಚಿಕಿತ್ಸೆಯ ಯಾವ ಭಾಗ ಎಂದು ದಯವಿಟ್ಟು ತಿಳಿಸಿ.

ಕಳೆದ ಗುರುವಾರ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಮೇಘನ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ದಣಪೆಯ ಬಳಿ ನಿಂತಳು. ಹೌದು ಸ್ವಾಮಿ, ಮಗುವನ್ನು ಎತ್ತಿಕೊಂಡೇ ನಿಂತಿದ್ದಳು. ಬಸ್ಸು ಬಂತು, ಹೋಯಿತು, ಯಾರೂ ಇಳಿಯಲಿಲ್ಲ. ಅವಳು ಒಳಗೆ ಬರಲಿಲ್ಲ. ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಕೊಡವಿಕೊಂಡು ಹೋಗಿ ನಾನೂ ಪಕ್ಕದಲ್ಲಿ ನಿಂತೆ. "ಈ ಸಲ ಮಳೆ ಬೇಗ ಹಿಡಿಯೋ ಹಂಗೆ ಕಾಣ್ತದೆ" ಎಂದೆ. ಅವಳು ರಸ್ತೆ ನೋಡುತ್ತಲೇ ಇದ್ದಳು. ಮಗುವನ್ನು ಇನ್ನೊಂದು ಬದಿಗೆ ಬದಲಿಸಿಕೊಂಡು ಹೇಳಿದಳು:

"ನೀವು ಒಳಗೆ ಹೋಗಿ ಮಾವ. ಯಾರಾದ್ರೂ ನೋಡಿದ್ರೆ ಕಷ್ಟ. ನಿಮಗೂ ಲೈಸೆನ್ಸ್ ಇಲ್ಲ."

ಮಗು ಹುಟ್ಟಿದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನಾನು ನಕ್ಕೆ, ನಗುವಾಗಲೇ ಕಣ್ಣಲ್ಲಿ ನೀರು ಬಂತು, ಹಿಟ್ಟು ಬಿದ್ದಿದೆ ಎಂದು ಒರೆಸಿಕೊಂಡೆ. ಅಷ್ಟು ತಮಾಷೆ ಮಾಡುವಲ್ಲಿಗೆ ಅವಳನ್ನು ಕರೆತಂದದ್ದು ಯಾರು ಎಂದು ನನಗೆ ಗೊತ್ತು. ಇನ್ನು ಮುಂದಕ್ಕೆ ಕರೆದೊಯ್ಯುವುದು ನನ್ನಿಂದ ಆಗದು ಎಂಬುದೂ ಗೊತ್ತು, ನನ್ನ ಹತ್ತಿರ ಇರುವುದು ಮಳೆಯ ಮಾತೊಂದೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕುಸುಮಾಳ ಪರವಾನಗಿಯನ್ನು ಮುಂದಿನ ಗುರುವಾರದೊಳಗೆ ನವೀಕರಿಸಿ. ಅನುಮಾನವಿದ್ದರೆ ವೀಕ್ಷಕರನ್ನು ಇನ್ನೊಮ್ಮೆ ಕಳಿಸಿ, ಅಥವಾ ನೀವೇ ಬನ್ನಿ. ಈ ಸಲ ಕುರ್ಚಿಯನ್ನೂ ಹಾಕುವುದಿಲ್ಲ, ಕೇಸರಿಬಾತನ್ನೂ ಮಾಡುವುದಿಲ್ಲ. ಬೆಕ್ಕಿನ ವಿಷಯ ಸಾಕೆನಿಸುವಷ್ಟು ಕೇಳಿ, ಎದ್ದು ಹೊರಡಿ. ಆದರೆ ನೇರವಾಗಿ ಜೀಪು ಹತ್ತಬೇಡಿ. ದಣಪೆಯ ಬಳಿ ಸ್ವಲ್ಪ ನಿಲ್ಲಿ. ನಿಮ್ಮ ಮನಸ್ಸಿನಲ್ಲಿ ಏನಾದರೂ ಇದ್ದರೆ ಅದೂ ಅಲ್ಲಿ ಬಾಯಿಗೆ ಬರಬಹುದು, ಕೇಳಲು ಕುಸುಮಾ ಇರುತ್ತಾಳೆ.

ಇಂತಿ,
ಮಳೆಯ ಬಗ್ಗೆ ಮಾತ್ರ ಮಾತನಾಡಲು ಅರ್ಹತೆಯುಳ್ಳ,
ಹಿಟ್ಟಿನ ಗಿರಣಿಯ ಸೋಮಶೇಖರಪ್ಪ
(ಗುರುವಾರ ಮಧ್ಯಾಹ್ನ ಗಿರಣಿಗೆ ರಜೆ, ದಣಪೆಯ ಬಳಿ ಸಿಗುತ್ತೇನೆ)